ಹಳೆಯ ಯಂತ್ರಕ್ಕೆ ದುಭಾಷಿ ಯಾರು?

ಪಹಣಿಯ ಪ್ರತಿಯೊಂದು ಬೇಕಾಗಿ ಸಿರುಗುಪ್ಪದ ಒಂದು ಝೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವರು ಹೊಸ ಕಂಪ್ಯೂಟರ್ ಕೊಂಡು ಎರಡು ದಿನವಾಗಿತ್ತಷ್ಟೆ. ಪಕ್ಕದಲ್ಲಿ ಅವರ ಹಳೆಯ ಲೇಸರ್ ಪ್ರಿಂಟರ್ ಹಸಿರು ದೀಪ ಹೊತ್ತಿಸಿಕೊಂಡು, ಸೇವೆಗೆ ಸಿದ್ಧ ಎಂಬಂತೆ ಕುಳಿತಿತ್ತು. ಆದರೆ ಹೊಸದು ಹಳೆಯದನ್ನು ಗುರುತಿಸಲೊಲ್ಲದು. 'ಪ್ರಿಂಟರ್ ಗಟ್ಟಿ ಐತೆ ಸಾರ್, ಹದಿನೈದು ವರ್ಷ ದುಡಿದೈತೆ. ಡ್ರೈವರೇ ಸಿಗ್ತಿಲ್ಲ' ಎಂದರು. ನನ್ನ ಹಿಂದೆ ಜಾತಿ ಪ್ರಮಾಣಪತ್ರದ ಅರ್ಜಿ ಹಿಡಿದು ನಿಂತಿದ್ದ ರೈತರೊಬ್ಬರಿಗೆ ನಗು ತಡೆಯಲಾಗಲಿಲ್ಲ. 'ಡ್ರೈವರ್ ಬೇಕಾ? ನಮ್ಮೂರಾಗೆ ಹತ್ತು ಮಂದಿ ಖಾಲಿ ಕುಂತಾರೆ, ಕಳಿಸ್ಲಾ?' ಎಂದರು.

ಭತ್ತದ ಲಾರಿ, ಅದಿರಿನ ಲಾರಿ ಓಡಾಡುವ ನಾಡಿನಲ್ಲಿ ಡ್ರೈವರ್ ಎಂದರೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಕಂಪ್ಯೂಟರಿನವರು ಈ ಹೆಸರನ್ನು ಸರಿಯಾಗಿ ಇಡಲಿಲ್ಲವೆಂದೇ ನನ್ನ ಅಭಿಪ್ರಾಯ. ಕಂಪ್ಯೂಟರಿಗೂ ಅದಕ್ಕೆ ಜೋಡಿಸಿದ ಪ್ರಿಂಟರು, ಸ್ಕ್ಯಾನರುಗಳಿಗೂ ನಡುವೆ ಇರುವ ಆ ಸಣ್ಣ ತಂತ್ರಾಂಶ ಯಾವುದನ್ನೂ ಓಡಿಸುವುದಿಲ್ಲ. ಅದು ಮಾಡುವುದು ದುಭಾಷಿಯ ಕೆಲಸ. ಬಳ್ಳಾರಿ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಗಿರಣಿಯಲ್ಲಿ ಮತ್ತೊಂದು ಎಂದು ಕನ್ನಡ, ತೆಲುಗು, ಉರ್ದುಗಳ ನಡುವೆ ಓಡಾಡಿಕೊಂಡೇ ಬೆಳೆದ ಊರುಗಳಿವು. 1953ರ ತನಕ ಈ ಜಿಲ್ಲೆ ಮದರಾಸಿಗೆ ಸೇರಿತ್ತು. ಕಂಪನಿ ಸರ್ಕಾರದ ಕಾಲದ ಮದರಾಸಿನಲ್ಲಿ ದುಭಾಷಿ ಎನ್ನುವುದು ದೊಡ್ಡ ಹುದ್ದೆಯೇ ಆಗಿತ್ತು. ಸಾಹೇಬನೂ ಜಾಣ, ರೈತನೂ ಜಾಣ. ನಡುವಿನವನು ಎದ್ದುಹೋದರೆ ಇಬ್ಬರೂ ಮೂಗರು. ಸಿರುಗುಪ್ಪದ ಅಂಗಡಿಯಲ್ಲಿ ಆಗಿದ್ದೂ ಅದೇ.

ಈ ದುಭಾಷಿಯ ವಿದ್ಯೆ ಎಂಥದು ಎಂಬುದನ್ನು ಸ್ವಲ್ಪ ನೋಡೋಣ. ಅಕ್ಕಿ ಗಿರಣಿಗಳಲ್ಲಿ, ಸಹಕಾರ ಸಂಘಗಳಲ್ಲಿ, ಬಸ್ ಡಿಪೋಗಳಲ್ಲಿ ಕಿರ್‍ರೆಂದು ಸದ್ದು ಮಾಡುತ್ತ ಬಿಲ್ಲು ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಎಲ್ಲರೂ ಕಂಡಿದ್ದಾರೆ. ಅದರ ಭಾಷೆ ಬಲು ಸರಳ. ಕಂಪ್ಯೂಟರ್ ಅದಕ್ಕೆ 27 ಎಂಬ ಸಂಕೇತ ಕಳಿಸಿ, ಬೆನ್ನಿಗೇ ಇಂಗ್ಲಿಷಿನ 'ಇ' ಅಕ್ಷರ ಕಳಿಸಿದರೆ 'ಇನ್ನು ಮುಂದಿನದು ದಪ್ಪಕ್ಷರ' ಎಂದರ್ಥ. ಜಪಾನಿನ ಎಪ್ಸನ್ ಕಂಪನಿ ರೂಢಿಗೆ ತಂದ ಈ ಆಜ್ಞೆಗಳನ್ನು ಅದು ಪ್ರಿಂಟರಿನ ಕೈಪಿಡಿಯಲ್ಲೇ ಅಚ್ಚು ಹಾಕಿಸಿ ಕೊಡುತ್ತಿತ್ತು. ಬೇರೆ ತಯಾರಕರೂ, ನಮ್ಮ ದೇಶದವರೂ, ಅದನ್ನೇ ಅನುಸರಿಸಿದರು. ಹೀಗಾಗಿ ಆ ಪ್ರಿಂಟರುಗಳಿಗೆ ದುಭಾಷಿಯ ಕೊರತೆ ಎಂದೂ ಬೀಳಲಿಲ್ಲ. ಮೂವತ್ತು ವರ್ಷದ ಹಿಂದಿನದನ್ನು ಇವತ್ತಿನ ಯಾವುದೇ ಕಂಪ್ಯೂಟರಿಗೆ ಹೇಗೋ ಜೋಡಿಸಿದರೆ ಸಾಕು, ಅದು ಮಾತು ಕೇಳುತ್ತದೆ.

ಕಥೆ ಕೆಟ್ಟದ್ದು ಅಗ್ಗದ ಲೇಸರ್ ಪ್ರಿಂಟರುಗಳು ಬಂದಮೇಲೆ. ಬೆಲೆ ಇಳಿಸಲು ತಯಾರಕರು ಒಂದು ಉಪಾಯ ಹೂಡಿದರು. ಪುಟವನ್ನು ಚಿತ್ರವಾಗಿ ರೂಪಿಸುವ ಮಿದುಳನ್ನು ಪ್ರಿಂಟರಿನಿಂದ ಕಿತ್ತು, ಆ ಕೆಲಸವನ್ನು ಕಂಪ್ಯೂಟರಿನ ತಲೆಗೇ ಕಟ್ಟಿದರು. ಹಣ ಉಳಿಯಿತು. ಆದರೆ ಈಗ ಕಂಪ್ಯೂಟರ್ ಕಳಿಸಬೇಕಾದದ್ದು ಸರಳ ಆಜ್ಞೆಯಲ್ಲ. ಕಂಪನಿಗೆ ಮಾತ್ರ ಗೊತ್ತಿರುವ ಗುಪ್ತ ಲಿಪಿಯಲ್ಲಿ ಹಿಂಡಿ ಕಟ್ಟಿದ ಚುಕ್ಕಿಗಳ ಮೂಟೆ. ಊರೂರಿನ ಅಂಗಡಿಗಳಲ್ಲಿ ಕಾಣುವ ಎಚ್‌ಪಿ ಲೇಸರ್‌ಜೆಟ್ 1020 ಇನ್ನೂ ಒಂದು ಹೆಜ್ಜೆ ಮುಂದೆ. ಸ್ವಿಚ್ಚು ಹಾಕಿದಾಗ ಅದಕ್ಕೆ ತಾನು ಯಾರೆಂಬುದೇ ನೆನಪಿರುವುದಿಲ್ಲ. ಪ್ರತಿ ಬಾರಿಯೂ ಕಂಪ್ಯೂಟರ್ ಅದರ ಒಳಗಿನ ಕಾರ್ಯಕ್ರಮವನ್ನು ಹೊಸದಾಗಿ ತುಂಬಿ ಎಬ್ಬಿಸಬೇಕು. ಕೆನಾನ್ ಎಲ್‌ಬಿಪಿ 2900 ಎಂಬ ಇನ್ನೊಂದು ಜನಪ್ರಿಯ ಪ್ರಿಂಟರಿಗೂ ಅದರದೇ ಗುಟ್ಟಿನ ಭಾಷೆ. ಇಂಥ ಯಂತ್ರಕ್ಕೆ ಡ್ರೈವರ್ ಬರೆಯುವವರು ತಯಾರಕರು ಮಾತ್ರ. ಬರೆಯುವುದನ್ನು ಯಾವಾಗ ನಿಲ್ಲಿಸಬೇಕೆಂದು ತೀರ್ಮಾನಿಸುವವರೂ ಅವರೇ.

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಯಂತ್ರ ನಿಂತರೆ ಯಾರೂ ಕಂಪನಿಯ ಅಪ್ಪಣೆಗೆ ಕಾಯುವುದಿಲ್ಲ. ಮೆಕ್ಯಾನಿಕ್ ಬರುತ್ತಾನೆ, ಸ್ಕ್ರೂ ಬಿಚ್ಚುತ್ತಾನೆ, ಸವೆದ ಭಾಗ ತೆಗೆದು ಇನ್ನೊಂದು ಹಾಕುತ್ತಾನೆ. ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಮಾಡಿಸುತ್ತಾನೆ. ಕುರುಗೋಡಿನ ಪಂಪ್‌ಸೆಟ್ಟಿನ ಕಥೆಯೂ ಅಷ್ಟೆ. ಬಿಚ್ಚಿ ನೋಡಬಹುದಾದ ಯಂತ್ರ ನಮ್ಮಲ್ಲಿ ಸುಲಭಕ್ಕೆ ಸಾಯುವುದಿಲ್ಲ. ಡ್ರೈವರಿಗೆ ಸ್ಕ್ರೂ ಇಲ್ಲ. ಅದನ್ನು ಬಿಚ್ಚಬೇಕಾದರೆ ಬರೆದವರು ಬರೆದ ಮೂಲ ಸಂಕೇತ ಕೈಯಲ್ಲಿರಬೇಕು. ಅದು ಕೈಯಲ್ಲಿದ್ದು, ತಿದ್ದುವ ಮತ್ತು ಹಂಚುವ ಹಕ್ಕೂ ಇದ್ದರೆ ಅಂಥದನ್ನು ಮುಕ್ತ ತಂತ್ರಾಂಶ ಎನ್ನುತ್ತಾರೆ.

ಮುಕ್ತ ತಂತ್ರಾಂಶದ ಚಳವಳಿಗೂ ಒಂದು ಪ್ರಿಂಟರಿಗೂ ಹಳೆಯ ನಂಟು. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯವೊಂದಕ್ಕೆ ಝೆರಾಕ್ಸ್ ಕಂಪನಿ ಲೇಸರ್ ಪ್ರಿಂಟರೊಂದನ್ನು ದಾನವಾಗಿ ಕೊಟ್ಟಿತು. ಅದರಲ್ಲಿ ಕಾಗದ ಸಿಕ್ಕಿಹಾಕಿಕೊಳ್ಳುವುದು ಮಾಮೂಲಾಗಿತ್ತು. ಹಿಂದಿನ ಪ್ರಿಂಟರಿಗೆ ಅಲ್ಲಿನ ರಿಚರ್ಡ್ ಸ್ಟಾಲ್ಮನ್ ಎಂಬಾತ ಕಾಗದ ಸಿಕ್ಕಿಕೊಂಡೊಡನೆ ಕಾಯುತ್ತಿದ್ದವರಿಗೆಲ್ಲ ಸುದ್ದಿ ಮುಟ್ಟುವ ವ್ಯವಸ್ಥೆ ಬರೆದಿದ್ದ. ಹೊಸದಕ್ಕೂ ಹಾಗೆಯೇ ಮಾಡೋಣವೆಂದರೆ ಮೂಲ ಸಂಕೇತವೇ ಇಲ್ಲ. ಅದು ಇದ್ದ ಇನ್ನೊಂದು ವಿಶ್ವವಿದ್ಯಾಲಯದವರನ್ನು ಹೋಗಿ ಕೇಳಿದರೆ, ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿದ್ದೇವೆ ಎಂದು ಕೊಡಲೊಪ್ಪಲಿಲ್ಲ. ಆ ಸಿಟ್ಟು ಆರಲಿಲ್ಲ. 1983ರಲ್ಲಿ ಆತ 'ಗ್ನೂ' ಯೋಜನೆಯನ್ನು ಸಾರಿದ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತನ್ನ 386 ಕಂಪ್ಯೂಟರಿಗಾಗಿ ಬರೆದ ಲಿನಕ್ಸ್ ಕರ್ನಲ್, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು, ಅದರ ಜೊತೆ ಸೇರಿತು. ಮುಂದಿನದು ಎಲ್ಲರಿಗೂ ತಿಳಿದಿದೆ.

ಈ ಲಿನಕ್ಸಿಗೆ ಗುಟ್ಟಿನ ಭಾಷೆಯ ಪ್ರಿಂಟರುಗಳು ಸಹಜವಾಗಿಯೇ ಒಗ್ಗಲಿಲ್ಲ. ಕೆಲವು ಕಂಪನಿಗಳು ಡ್ರೈವರ್ ಕೊಟ್ಟರೂ ಮುಖ್ಯ ಭಾಗಗಳನ್ನು ಮುಚ್ಚಿಟ್ಟೇ ಕೊಟ್ಟವು. ಆಗ ಹವ್ಯಾಸಿಗಳು ಪತ್ತೇದಾರಿಗೆ ಇಳಿದರು. ವಿಧಾನ ತಿಳಿಯಲು ಸುಲಭ, ಮಾಡಲು ಮಾತ್ರ ತಾಳ್ಮೆ ಬೇಕು. ವಿಂಡೋಸ್ ಕಂಪ್ಯೂಟರಿನಿಂದ ಪ್ರಿಂಟರಿಗೆ ಹೋಗುವ ತಂತಿಯಲ್ಲಿ ಹರಿಯುವ ಸಂಕೇತಗಳನ್ನೆಲ್ಲ ಕದ್ದು ಕೇಳಿ ಬರೆದಿಟ್ಟುಕೊಳ್ಳುವುದು. ಖಾಲಿ ಪುಟ ಮುದ್ರಿಸಿದಾಗ ಏನು ಹರಿಯಿತು, ಒಂದೇ ಒಂದು ಗೆರೆ ಮುದ್ರಿಸಿದಾಗ ಏನು ಬದಲಾಯಿತು, ಕಾಗದ ಮುಗಿದಾಗ ಪ್ರಿಂಟರ್ ಏನೆಂದಿತು ಎಂದು ಹೋಲಿಸುತ್ತ ಹೋಗುವುದು. ಶಾಸನ ಓದುವವರ ಕೆಲಸಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಇಲ್ಲಿ ಶಾಸನ ಕೆತ್ತಿದವನು ಬದುಕಿದ್ದೂ ಬಾಯಿ ಬಿಡುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ. ಲೇಸರ್‌ಜೆಟ್ 1020 ಮತ್ತು ಅದರ ಬಂಧುಗಳಿಗೆ ರಿಕ್ ರಿಚರ್ಡ್ಸನ್ ಎಂಬವರು ಹೀಗೆ ಮುಕ್ತ ಡ್ರೈವರ್ ಕಟ್ಟಿದರು. ಅವರ ತಾಣ ನಿಂತುಹೋದ ಮೇಲೂ ಇತರರು ಅದರ ಪ್ರತಿಯನ್ನು ಕಾಪಾಡಿಕೊಂಡಿದ್ದಾರೆ. ಕೆನಾನಿನ ಆ ಪ್ರಿಂಟರಿಗೂ ಹವ್ಯಾಸಿಗಳು ಇಂಥದೇ ಡ್ರೈವರನ್ನು, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಂಡು, ಬರೆದಿದ್ದಾರೆ.

ಒಮ್ಮೆ ಬರೆದಾಯಿತಲ್ಲ, ಇನ್ನೇನು ಕೆಲಸ? ಪ್ರಿಂಟರ್ ಬದಲಾಗುವುದಿಲ್ಲ, ಅದರ ಭಾಷೆಯೂ ಬದಲಾಗುವುದಿಲ್ಲ. ಹಾಗಿದ್ದಮೇಲೆ ಡ್ರೈವರಿಗೆ ವರ್ಷವರ್ಷವೂ ಆರೈಕೆ ಯಾತಕ್ಕೆ?

ಸಿರುಗುಪ್ಪದವರಿಗೆ ಇದರ ಉತ್ತರ ಕಾಲುವೆಯಲ್ಲಿದೆ. ವಿಜಯನಗರದ ಕಾಲದವೆಂದು ಹೇಳುವ ತುಂಗಭದ್ರೆಯ ಹಳೆಯ ಕಾಲುವೆಗಳಲ್ಲಿ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ಇಂದಿಗೂ ನೀರು ಹಾಯಿಸುತ್ತಿವೆ. ಕಾಲುವೆ ತೋಡಿದ್ದು ಒಮ್ಮೆ. ಹೂಳು ತುಂಬುವುದು ಪ್ರತಿ ವರ್ಷ. ತೆಗೆಯುವವರು ಇಲ್ಲದಿದ್ದರೆ ರಾಯರ ಕಾಲದ ಕಲ್ಲುಕಟ್ಟಡ ಎಷ್ಟು ಗಟ್ಟಿಯಿದ್ದರೂ ಗದ್ದೆಗೆ ನೀರು ಬರುವುದಿಲ್ಲ. ಡ್ರೈವರಿಗೂ ಸುತ್ತಲಿನಿಂದ ಹೂಳು ಬರುತ್ತದೆ. ಲಿನಕ್ಸಿನ ತಿರುಳು ಎರಡು ಮೂರು ತಿಂಗಳಿಗೊಮ್ಮೆ ಹೊಸ ಆವೃತ್ತಿಯಾಗಿ ಹೊರಬೀಳುತ್ತದೆ. ಸ್ಮರಣೆಯನ್ನು ಹಂಚುವ ರೀತಿ, ಯಂತ್ರಗಳಿಂದ ಬರುವ ಕರೆಗೆ ಓಗೊಡುವ ರೀತಿ ಒಳಗೊಳಗೇ ಬದಲಾಗುತ್ತಿರುತ್ತವೆ. ಆಗೆಲ್ಲ ಆ ರೀತಿಯನ್ನು ನೆಚ್ಚಿದ ಡ್ರೈವರುಗಳನ್ನೂ ತಿದ್ದಬೇಕು. ಲಿನಕ್ಸಿನವರ ಕಟ್ಟುಪಾಡು ಏನೆಂದರೆ, ಒಳಗಿನ ವ್ಯವಸ್ಥೆ ಬದಲಿಸಿದವನೇ ತಿರುಳಿನೊಳಗೆ ಸೇರಿರುವ ಎಲ್ಲ ಡ್ರೈವರುಗಳನ್ನೂ ಅದಕ್ಕೆ ಹೊಂದಿಸಿ ಕೊಡಬೇಕು. ನ್ಯಾಯವಾದ ಕಟ್ಟುಪಾಡೇ. ಆದರೆ ಹೊಂದಿಸಿದವನ ಬಳಿ ಆ ಹಳೆಯ ಯಂತ್ರ ಇರಬೇಕಲ್ಲ? ಬಹಳ ಸಲ ಇರುವುದಿಲ್ಲ. ಕಾಗದದ ಮೇಲೆ ಸರಿ ಕಂಡರೆ ಅವನು ಮುಂದೆ ಹೋಗುತ್ತಾನೆ. ನಿಜವಾಗಿ ಓಡಿತೋ ಇಲ್ಲವೋ ಎಂಬುದು ಆ ಯಂತ್ರ ಮನೆಯಲ್ಲಿಟ್ಟುಕೊಂಡವನು ಹೇಳಿದರೇ ಗೊತ್ತು.

ಇದಕ್ಕೆಂದೇ ಲಿನಕ್ಸಿನೊಳಗೆ ಒಂದು ದೊಡ್ಡ ಕಡತವಿದೆ. ಯಾವ ಡ್ರೈವರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬ ದಾಖಲೆ ಅದರಲ್ಲಿದೆ. ನಮ್ಮ ಪಹಣಿಯಲ್ಲಿ ಸಾಗುವಳಿದಾರರ ಕಲಂ ಇದ್ದಂತೆ. ಸಂಬಳಕ್ಕೆ ನೋಡಿಕೊಳ್ಳುವವರಿದ್ದಾರೆಯೇ, ಸ್ವಂತ ಆಸಕ್ತಿಯಿಂದ ನೋಡಿಕೊಳ್ಳುವವರಿದ್ದಾರೆಯೇ, ಅಪರೂಪಕ್ಕೆ ತಿದ್ದುವವರು ಮಾತ್ರವೇ ಎಂದು ಪ್ರತಿಯೊಂದರ ಮುಂದೆಯೂ ಬರೆದಿರುತ್ತದೆ. ಯಾರೂ ಇಲ್ಲದಿದ್ದರೆ ಅಲ್ಲಿ ಬೀಳುವ ಪದ 'ಅನಾಥ'. ಅನಾಥವಾದದ್ದು ತಕ್ಷಣ ಅಳಿದುಹೋಗುವುದಿಲ್ಲ. ಆದರೆ ಯಾರಾದರೊಬ್ಬರು ಒಂದು ದಿನ 'ಇದನ್ನು ಈಗಲೂ ಬಳಸುವವರು ಇದ್ದಾರೆಯೇ?' ಎಂದು ಕೇಳುತ್ತಾರೆ. ಉತ್ತರ ಬಾರದಿದ್ದರೆ ತೆಗೆದುಹಾಕುವ ಮಾತು ಬರುತ್ತದೆ.

2019ರ ಜುಲೈಯಲ್ಲಿ ಫ್ಲಾಪಿಯ ಡ್ರೈವರಿಗೆ ಈ ಸ್ಥಿತಿ ಬಂತು. ಒಂದು ಕಾಲಕ್ಕೆ ಕಂಪ್ಯೂಟರ್ ಎಂದರೆ ಫ್ಲಾಪಿಯೇ ಎಂಬಂತಿದ್ದ ಆ ತಟ್ಟೆಗಳು ನಮ್ಮ ಕಚೇರಿಗಳ ಕಪಾಟಿನಲ್ಲಿ ಈಗಲೂ ಧೂಳು ತಿನ್ನುತ್ತಿರಬಹುದು. ಡ್ರೈವರ್ ನೋಡಿಕೊಳ್ಳುತ್ತಿದ್ದವರು ಕೈಬಿಟ್ಟರು: ಓಡುವ ಫ್ಲಾಪಿ ಯಂತ್ರವೇ ತಮ್ಮ ಬಳಿ ಉಳಿದಿಲ್ಲ ಎಂದರು. ಟೊರ್ವಾಲ್ಡ್ಸ್ ಅದನ್ನು ಅನಾಥ ಎಂದು ದಾಖಲಿಸಿದರು. ಆಮೇಲೆ ಡೆನಿಸ್ ಎಫ್ರೆಮೊವ್ ಎಂಬ ಇನ್ನೊಬ್ಬರು ಮುಂದೆ ಬಂದು ಹೊಣೆ ಹೊತ್ತರು, ಫ್ಲಾಪಿ ಉಳಿಯಿತು.

ಎಲ್ಲಕ್ಕೂ ಆ ಅದೃಷ್ಟವಿಲ್ಲ. ಲಿನಕ್ಸ್ ಹುಟ್ಟಿದ್ದೇ 386ರ ಮೇಲೆ. 2012ರ ಕೊನೆಯಲ್ಲಿ ಆ 386ರ ಬೆಂಬಲವನ್ನೇ ತೆಗೆದರು. ಟೊರ್ವಾಲ್ಡ್ಸ್ ಕಣ್ಣೀರೇನೂ ಹಾಕಲಿಲ್ಲ. 2018ರಲ್ಲಿ ಒಂದೇ ಏಟಿಗೆ ಎಂಟು ಬಗೆಯ ಸಂಸ್ಕಾರಕಗಳ ಬೆಂಬಲ ಹೋಯಿತು. ಇಲ್ಲಿ ಗಮನಿಸಬೇಕಾದ ವಿಚಾರವೊಂದಿದೆ. ಆ ಎಂಟರಲ್ಲಿ ಹಲವು ವಯಸ್ಸಿನಲ್ಲಿ ಎಳೆಯವು. ಅವುಗಳಿಗಿಂತ ಎಷ್ಟೋ ಹಿರಿಯದಾದ, 1980ರ ದಶಕದ ಅಮಿಗಾ, ಅಟಾರಿ, ಹಳೆಯ ಮ್ಯಾಕಿಂಟೋಷ್‌ಗಳಲ್ಲಿದ್ದ ಮೋಟೊರೋಲ 68000 ಕುಲದ ಸಂಸ್ಕಾರಕಗಳಿಗೆ ಲಿನಕ್ಸಿನಲ್ಲಿ ಜಾಗ ಉಳಿಯಿತು. ಕಾರಣ ಇಷ್ಟೆ: ಬೆಲ್ಜಿಯಮಿನ ಗೀರ್ಟ್ ಉಯಿಟರ್‌ಹೋವನ್ ಮತ್ತು ಅವರ ಗೆಳೆಯರು ತಮ್ಮ ಹಳೆಯ ಯಂತ್ರಗಳನ್ನು ಓಡಿಸಿ ನೋಡುತ್ತ, ಕೆಟ್ಟಾಗ ಕೆಟ್ಟಿದೆ ಎಂದು ಕೂಗಿ ಹೇಳುತ್ತ, ತಿದ್ದುತ್ತ ಬಂದರು. ಎಂಟರ ಹಿಂದೆ ಕಂಪನಿಗಳಿದ್ದವು, ಕಂಪನಿಗಳ ಆಸಕ್ತಿ ಮುಗಿಯಿತು. ಇದರ ಹಿಂದೆ ಜನರಿದ್ದರು. 2002ರಲ್ಲಿ ಮಾರುಕಟ್ಟೆಗೆ ಬಂದ ರೇಡಿಯಾನ್ ಚಿತ್ರ ಕಾರ್ಡುಗಳ ಮುಕ್ತ ಡ್ರೈವರಿಗೆ ಇಪ್ಪತ್ತು ವರ್ಷ ಕಳೆದ ಮೇಲೂ ಹವ್ಯಾಸಿಗಳು ಸುಧಾರಣೆ ಮಾಡುತ್ತಿದ್ದುದೂ ಇದೇ ಜಾತಿಯ ಹಟ.

ಕರ್ನಾಟಕಕ್ಕೆ ಈ ಲೋಕ ಅಪರಿಚಿತವಲ್ಲ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಲಿನಕ್ಸಿನ ಸಿಡಿಯನ್ನು ಸಂಚಿಕೆಯ ಜೊತೆ ಹಂಚಿದಾಗ ಅದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಅವರು ಮತ್ತು ಗೆಳೆಯರು 2001ರಿಂದ ನಡೆಸಿದ 'ಲಿನಕ್ಸ್ ಬೆಂಗಳೂರು' ಸಮ್ಮೇಳನ, ಮುಂದೆ ಹೆಸರು ಬದಲಿಸಿಕೊಂಡು 2012ರವರೆಗೂ ನಡೆಯಿತು. ಬಳಸುವವರು ಬಹಳವಾದರು, ಬರೆಯುವವರು ಎಲ್ಲಿ ಎಂದು ಚಿಟ್ನಿಸ್ ಗದರುತ್ತಿದ್ದುದುಂಟು. 2013ರಲ್ಲಿ ಅವರು ತೀರಿಕೊಂಡರು. ಇಂದು ಲಿನಕ್ಸಿನ ಡ್ರೈವರ್ ವಿಭಾಗಗಳ ಹೊಣೆ ಹೊತ್ತವರಲ್ಲಿ ಬೆಂಗಳೂರಿನಲ್ಲಿ ಕುಳಿತು ಕೆಲಸ ಮಾಡುವವರೂ ಇದ್ದಾರೆ. ಆದರೆ ಅದು ಬಹುಮಟ್ಟಿಗೆ ಹೊಸ ಚಿಪ್ಪುಗಳ, ಸಂಬಳದ ಕೆಲಸ. ಹಳೆಯ ಯಂತ್ರದ ಕಡೆಯಿಂದ ನೋಡಿದರೆ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಬೆಂಗಳೂರಿನ ಗುರಪ್ಪನಪಾಳ್ಯದ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶ ಕಾರ್ಯಕರ್ತರು ನಡೆಸಿದ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ. ಬಳಸಿ ಬಿಟ್ಟ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ, ಅಲ್ಲಿನ ಮಕ್ಕಳ ಕೈಗೆ ಕೊಟ್ಟರು. ಬೇರೆಯವರು ಗುಜರಿ ಎಂದದ್ದರ ಮೇಲೆ ಆ ಮಕ್ಕಳು ಚಿತ್ರ ಬಿಡಿಸಿದರು.

ಇದೆಲ್ಲ ಈಗ ಏಕೆ ನೆನಪಾಗುತ್ತಿದೆಯೆಂದರೆ, 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ 11, ಹಳೆಯ ಎಷ್ಟೋ ಕಂಪ್ಯೂಟರುಗಳ ಮೇಲೆ ಕೂರಲೊಪ್ಪುವುದಿಲ್ಲ. ಹೊರಗಿನ ತಯಾರಕರ ಪ್ರಿಂಟರ್ ಡ್ರೈವರುಗಳನ್ನು ತಾನೇ ಹಂಚುವ ಸೇವೆಯನ್ನು ಹಂತಹಂತವಾಗಿ ಮುಗಿಸುವುದಾಗಿಯೂ ಆ ಕಂಪನಿ 2023ರಲ್ಲೇ ಹೇಳಿತ್ತು. ಬಳ್ಳಾರಿಯ ಡಿಟಿಪಿ ಅಂಗಡಿ, ತಾಲ್ಲೂಕು ಕೇಂದ್ರವಾಗಿ ಇನ್ನೂ ಹೊಸದಾದ ಕುರುಗೋಡಿನ ಝೆರಾಕ್ಸ್ ಅಂಗಡಿ, ಹಳ್ಳಿಯ ಶಾಲೆಯ ಕಂಪ್ಯೂಟರ್ ಕೋಣೆ: ಎಲ್ಲ ಕಡೆಯೂ ಯಂತ್ರ ಕೆಡದೆಯೇ ಮುದಿಯಾಗುತ್ತಿದೆ.

ಹಳೆಯ ಯಂತ್ರಕ್ಕೆ ಡ್ರೈವರ್ ಉಳಿಸುವವರಿಗೆ ಕೊರತೆಯಿರುವುದು ಬುದ್ಧಿಯದಲ್ಲ, ಹಳೆಯ ಯಂತ್ರದ್ದೇ. ಯೂರೋಪು, ಅಮೆರಿಕದಲ್ಲಿ ಅವು ಗುಜರಿಗೆ ಹೋಗಿ ವರ್ಷಗಳಾದವು. ದಿನಕ್ಕೆ ನೂರು ಪುಟ ಹೊಡೆಯುತ್ತ ಅವು ನಿಜವಾಗಿ ಬದುಕಿರುವುದು ನಮ್ಮಂಥ ಊರುಗಳಲ್ಲಿ. ಆದರೆ 'ಬಳಸುವವರು ಇದ್ದಾರೆಯೇ?' ಎಂಬ ಪ್ರಶ್ನೆ ಇಂಗ್ಲಿಷಿನಲ್ಲಿ, ಸಿರುಗುಪ್ಪದ ಅಂಗಡಿಯವರ ಕಿವಿಗೆ ಎಂದೂ ಬೀಳದ ಜಾಗದಲ್ಲಿ ಕೇಳಿಬರುತ್ತದೆ. ಉತ್ತರ ಹೋಗುವುದಿಲ್ಲ. ಮೌನವನ್ನು ಅವರು 'ಯಾರೂ ಇಲ್ಲ' ಎಂದು ಓದಿಕೊಳ್ಳುತ್ತಾರೆ. ಅವರ ತಪ್ಪೂ ಅಲ್ಲ.

ಉತ್ತರ ಕೊಡಲು ತಂತ್ರಾಂಶ ಬರೆಯಲು ಬರಬೇಕಾಗಿಲ್ಲ. ಯುಎಸ್‌ಬಿ ತಂತಿಯ ಮೂಲಕ ಜೋಡಿಸುವ ಪ್ರತಿ ಯಂತ್ರವೂ ತನ್ನ ಕಂಪನಿಯದೊಂದು, ಮಾದರಿಯದೊಂದು ಸಂಖ್ಯೆಯನ್ನು ತಾನೇ ಹೇಳುತ್ತದೆ. ಆ ಎರಡು ಸಂಖ್ಯೆ, ಯಾವ ಆವೃತ್ತಿಯಲ್ಲಿ ಓಡಿತು, ಯಾವುದರಲ್ಲಿ ನಿಂತಿತು ಎಂಬ ನಾಲ್ಕು ಸಾಲು ಬರೆದು ಕಳಿಸಿದರೆ ಡ್ರೈವರ್ ನೋಡಿಕೊಳ್ಳುವವರಿಗೆ ಅದು ಚಿನ್ನ. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ವಿದ್ಯಾರ್ಥಿಗಳು ತಮ್ಮ ಓಣಿಯ ಅಂಗಡಿಗಳ ಪ್ರಿಂಟರುಗಳನ್ನು ಪರೀಕ್ಷಿಸಿ ಹೀಗೊಂದು ವರದಿ ಬರೆಯುವುದು, ಪೇಟೆಯಲ್ಲಿ ದುಡ್ಡಿಗೆ ಸಿಗುವ ಪ್ರಾಜೆಕ್ಟ್ ಕೊಳ್ಳುವುದಕ್ಕಿಂತ ಉತ್ತಮ ಎಂದು ಹೇಳಿದರೆ ಅವರು ಕೋಪಿಸಿಕೊಳ್ಳಲಾರರೆಂದು ನಂಬಿದ್ದೇನೆ.

ಎಲ್ಲವನ್ನೂ ಉಳಿಸಬಹುದೆಂದು ಹೇಳಿದರೆ ಸುಳ್ಳಾದೀತು. 32 ಬಿಟ್ಟಿನ ಹಳೆಯ ಕಂಪ್ಯೂಟರುಗಳನ್ನು ದೀರ್ಘಕಾಲ ಸಾಕಿದ್ದ ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಬಂದ ತನ್ನ 13ನೆಯ ಆವೃತ್ತಿಯಲ್ಲಿ ಅವುಗಳಿಗೆ ತಿರುಳನ್ನೂ ಅನುಸ್ಥಾಪಕವನ್ನೂ ಕೊಡುವುದನ್ನು ಬಿಟ್ಟಿತು. ಯಾರೂ ಕಾಯದ ಹಳೆಯ ಡ್ರೈವರಿನಲ್ಲಿ ಕಳ್ಳರು ನುಸುಳುವ ಕಿಂಡಿ ಇರುವ ಸಂಭವವೂ ಹೆಚ್ಚು. ತೆಗೆದುಹಾಕುವವರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಕನ್ನಡಿಗರಿಗೆ ಇನ್ನೂ ಒಂದು ತೊಡಕಿದೆ. ಯುನಿಕೋಡ್ ಬರುವ ಮೊದಲು ನುಡಿ ಮೊದಲಾದ ತಂತ್ರಾಂಶಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿ ಬರೆದ ದಾಖಲೆಗಳು ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಅದೇ ಅಕ್ಷರಮಾದರಿ ಇಲ್ಲದ ಕಡೆ ತೆರೆದರೆ ಅವು ಅರ್ಥವಿಲ್ಲದ ಗೀಚು.

ಆ ದಿನ ಸಿರುಗುಪ್ಪದಲ್ಲಿ ಪಹಣಿಗಾಗಿ ನಾನು ಬೇರೆ ಅಂಗಡಿಗೆ ಹೋದೆ. ತಿಂಗಳ ನಂತರ ಮತ್ತೆ ಹೋದಾಗ, ಅಂಗಡಿಯವರ ಅಣ್ಣನ ಮಗ, ಡಿಪ್ಲೊಮಾ ಓದುವ ಹುಡುಗ, ಹಳೆಯ ಕಂಪ್ಯೂಟರಿಗೆ ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿದ್ದ. ಹಸಿರು ದೀಪದ ಪ್ರಿಂಟರ್ ಪಹಣಿ, ಅರ್ಜಿ ಎಲ್ಲವನ್ನೂ ಹೊಡೆಯುತ್ತಿತ್ತು. ಲಗ್ನಪತ್ರಿಕೆಯ ಹಳೆಯ ನುಡಿ ಕಡತಗಳು ಮಾತ್ರ ಹೊಸ ಕಂಪ್ಯೂಟರಿನಲ್ಲಿ ತೆರೆದು, ಪಿಡಿಎಫ್ ಮಾಡಿ, ಪೆನ್‌ಡ್ರೈವಿನಲ್ಲಿ ಹೊತ್ತು ಹಳೆಯದಕ್ಕೆ ತರಬೇಕು. 'ಎರಡು ಹೆಜ್ಜೆ ಸಾರ್, ಅಷ್ಟೇ' ಎಂದರು. ಡ್ರೈವರ್ ಬರೆದವರಿಗೆ ಇಲ್ಲಿ ಓಡುತ್ತಿದೆ ಎಂದು ತಿಳಿಸಿದೆಯಾ ಎಂದು ಹುಡುಗನನ್ನು ಕೇಳಿದೆ. 'ಹಂಗೂ ತಿಳಿಸ್ಬಹುದಾ ಸಾರ್?' ಎಂದ. ಪ್ರಿಂಟರನ್ನು ತಿರುಗಿಸಿ, ಹಿಂಬದಿಯ ಚೀಟಿಯ ಮೇಲಿನ ಮಾದರಿ ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡ.